ಜಾಮೀನಿಗಿಟ್ಟ ನೆರಳು

ಯುದ್ಧದಲ್ಲಿ ನಿರಾಯುಧರ ಮೇಲೆ ಗುಂಡು ಹಾರಿಸಿದ ಆರೋಪ ಹೊತ್ತು ಸೈನಿಕ ಓಬಳೇಶ ಊರಿಗೆ ಬಂದಾಗ, ಅವನ ನೆರಳು ಕೋರ್ಟಿನಲ್ಲೇ ಉಳಿದಿತ್ತು. ಜಾಮೀನೆಂದರೆ ಎಲ್ಲರಿಗೂ ಹಾಗೆಯೇ. ತೀರ್ಪಾಗುವವರೆಗೆ ನೆರಳು ಒಪ್ಪಿಸಿ ಬರಬೇಕು.

ಅವನನ್ನು ಯಾರೂ ಮುಯ್ಯಾಳಿಗೆ ಕರೆದಿರಲಿಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯುವ ಊರದು. ಕರೆಯದೆ ಬಿಟ್ಟರೆ ಅವನ ಹೊಲಕ್ಕೂ ಯಾರೂ ಬರುವಂತಿರಲಿಲ್ಲ; ಅವನ ಶೇಂಗಾ ಮಣ್ಣಿನಲ್ಲೇ ಮೊಳಕೆಯೊಡೆಯುತ್ತಿತ್ತು.

ಗೂಳಕ್ಕ ಅವನ ಬಾಗಿಲಿಗೇ ಹೋದಳು. "ಏಳಪ್ಪಾ, ನಮ್ಮ ಹೊಲದಾಗೆ ಶೇಂಗಾ ಕೀಳೋದೈತೆ" ಎಂದು ಕರೆತಂದಳು.

ಪಕ್ಕದ ಸಾಲಿನ ಕಾಟಯ್ಯ ಗಿಡದ ಮಣ್ಣು ಒದರುತ್ತಾ ಗೊಣಗಿದ. "ನೆರಳಿಲ್ಲದೋನ ಜೊತೆ ಸಾಲು ಹಿಡಿಯೋದೇನಕ್ಕಾ?"

"ಕುರಿ ಕದ್ದೆ ಅಂತ ಹೋದ ವರ್ಷ ನಿನ್ನ ನೆರಳೂ ಅಲ್ಲೇ ಇತ್ತಲ್ಲೋ! ಆಗ ನಮ್ಮನೆ ಮುದ್ದೆ ನಿನ್ನ ಗಂಟಲಾಗೆ ಇಳೀಲಿಲ್ವಾ?"

"ಕುರಿ ತಾನಾಗೇ ನನ್ನ ಹಿಂದೆ ಬಂತು ಅಂತ ಜಡ್ಜೇ ಹೇಳಿದ್ರಲ್ಲಕ್ಕಾ!"

ಹೊಲವೆಲ್ಲ ನಕ್ಕಿತು. ಕಾಟಯ್ಯನೂ ನಕ್ಕು, ಓಬಳೇಶನಿಗೆ ಜಾಗ ಬಿಟ್ಟ.

ಬಿಸಿಲು ನೆತ್ತಿಗೇರುವ ಮುಂಚೆ ಬುತ್ತಿ ಬಿಚ್ಚಿದರು. ಮರವಿಲ್ಲದ ಹೊಲವಾದ್ದರಿಂದ ಒಬ್ಬರ ನೆರಳಿಗೆ ಒಬ್ಬರು ಸರಿದು ಕೂರುವುದು ವಾಡಿಕೆ. ಕೊಡಲು ನೆರಳಿಲ್ಲದ ಓಬಳೇಶ ದೂರ ಕುಳಿತ. ಗೂಳಕ್ಕ ಮಜ್ಜಿಗೆ ಚೊಂಬು ಹಿಡಿದು ಬಂದು ಸೂರ್ಯನಿಗೆ ಅಡ್ಡ ನಿಂತಳು.

"ನಾನು ಮಾಡಿದ್ನಾ ಇಲ್ವಾ ಅಂತ ನೀನು ಕೇಳಲ್ವೇನಕ್ಕಾ?"

"ಗುಂಡು ಬಿದ್ದ ಊರೋರು ಹೇಳ್ಲಿ, ನೀನೂ ಹೇಳು. ಕೇಳೋಕೆ ಜಡ್ಜು ಅವ್ರೆ. ಅಲ್ಲೀತಂಕ ನನ್ನ ನೆರಳಾಗೆ ಕೂತು ಉಣ್ಣು."

ಅಷ್ಟರಲ್ಲಿ ಕಾಟಯ್ಯ ಅಲ್ಲಿಂದಲೇ ಕೂಗಿದ. "ಓಬಳೇಶಾ, ನಾಳೆ ನಿನ್ನ ಹೊಲ ಕಣೋ! ಮಜ್ಜಿಗೆಗೆ ಉಪ್ಪು ಮಾತ್ರ ಸರಿಯಾಗಿ ಹಾಕ್ಸು!"