ವರಾಂಡದ ಅಂತ್ಯಾಕ್ಷರಿ

ಆಸ್ಪತ್ರೆಯಲ್ಲಿ ರೋಗಿಗಳ ಎದೆಬಡಿತ ನಡೆಸುವ ಹೃದಯಯಂತ್ರಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತಿಳಿಯದು. ಮುಂದೇನು ಮಾಡಲಿ ಎಂದು ಅವು ದಿನಕ್ಕೆ ಮೂರು ಸಲ ಕೇಳುತ್ತವೆ, ಮನೆಯವರೇ ಉತ್ತರಿಸಬೇಕು. ಅದಕ್ಕೇ ರೋಗಿಗಳ ಹೆಂಡಂದಿರು ವರಾಂಡದಲ್ಲಿ ಕೂತು, ರೊಟ್ಟಿ ಹಂಚಿಕೊಳ್ಳುತ್ತ, ಇಂಗ್ಲಿಷ್ ಪದಗಳ ಅಂತ್ಯಾಕ್ಷರಿ ಆಡುತ್ತಿದ್ದರು. ಮೂರು ತಿಂಗಳಲ್ಲಿ ನೀಲಗಂಗವ್ವನನ್ನು ಸೋಲಿಸುವವರೇ ಇಲ್ಲವಾಗಿದ್ದರು.

ಇವತ್ತು ಗಂಡ ಬಸಲಿಂಗಪ್ಪ ಅವಳ ಕೈ ಹಿಡಿದುಕೊಂಡ. "ಸಾಕಾಗೇತಿ, ಗಂಗಾ. ನಿಲ್ಲಸು ಅಂತ ಅದರ ಭಾಷಾದಾಗ ಹೇಳಿಬಿಡು."

ಅಷ್ಟರಲ್ಲಿ ಯಂತ್ರ ತನ್ನ ಪ್ರಶ್ನೆ ಕೇಳಿತು.

ಊರಿನ ಬಸ್ ಸ್ಟಾಪಿನಲ್ಲಿ ಇಪ್ಪತ್ತು ವರ್ಷ ಹೂವು ಮಾರಿದ್ದ ಗಂಗವ್ವ, "ಕಂಟಿನ್ಯೂ" ಎಂದಳು. ಆಮೇಲೆ ಗಂಡನ ಮುಖ ನೋಡದೆ, ಹೊದಿಕೆ ಸರಿಪಡಿಸುತ್ತ ಹೇಳಿದಳು:

"ಆ ಶಬ್ದ ನನಗಿನ್ನೂ ಯಾರೂ ಕಲಸಿಲ್ರಿ."