ಹೋಬಳಿಗೊಂದೇ ಸೀಟು

"ನಿಮಗ ಯಾರೋ ಸುಳ್ಳು ಹೇಳ್ಯಾರ ಆಯಿ," ಎಂದು ಗುಮಾಸ್ತ ಅಬ್ದುಲ್ ಗನಿ ರಿಜಿಸ್ಟರನ್ನು ತಿರುಗಿಸಿ ಚಂದಮ್ಮನ ಮುಂದಿಟ್ಟ. "ನಾವು ಫೋನ್ ಮಾಡೇವಿ. ನೋಡ್ರಿ, ತಾರೀಖು ಸೈತ ಅದ."

ಚಂದಮ್ಮ ಕನ್ನಡಕ ಏರಿಸಿಕೊಂಡಳು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಸಾಲಿನ ಕೆಳಗೆ ಬೆರಳು ಆಡಿಸುತ್ತಲೇ ಓದಬೇಕು. 'ಸಂಘಮಿತ್ರಾ, ಮಾದನಹಿಪ್ಪರಗಾ. ಲಿಖಿತ ಪರೀಕ್ಷೆಯಲ್ಲಿ ಹೋಬಳಿಗೆ ಪ್ರಥಮ. ಸಂದರ್ಶನದ ದಿನ ಫೋನಿನಲ್ಲಿ ತಿಳಿಸಿದೆ. ಮಹಿಳೆಯೊಬ್ಬರು ಮಾತಾಡಿ, ಹೇಳುವುದಾಗಿ ಒಪ್ಪಿದ್ದಾರೆ.' ಅದರ ಕೆಳಗೆ ಕೆಂಪು ಶಾಯಿ: 'ಗೈರುಹಾಜರು. ತಿರಸ್ಕೃತ.'

ಜಾಣ ಮಕ್ಕಳಿಗೆಂದೇ ಹೊಸದಾಗಿ ಶುರುವಾದ ವಸತಿ ಶಾಲೆ ಅದು. ಆರನೆಯ ಇಯತ್ತೆಗೆ ಸೇರಿದರೆ ಹನ್ನೆರಡರವರೆಗೆ ಊಟ, ಪುಸ್ತಕ, ಹಾಸಿಗೆ ಎಲ್ಲ ಅವರದೇ. ಹೋಬಳಿಗೊಂದೇ ಸೀಟು. ತಕರಾರು ಅರ್ಜಿ ಕೊಡಲು ಇಂದು ಸಂಜೆ ಐದೇ ಕೊನೆ.

ಇದು ಮೂರನೆಯ ಕಚೇರಿ. ಪರೀಕ್ಷೆ ನಡೆಸಿದ ಆಳಂದದವರು, 'ಸಂದರ್ಶನ ಮಾಡಿದ್ದು ಅಫಜಲಪುರದವರು, ಅಲ್ಲಿಗೆ ಹೋಗಿ' ಎಂದಿದ್ದರು. ಅಫಜಲಪುರದವರು ಚಹಾ ಕುಡಿಸಿ, ಆಯ್ಕೆ ಪಟ್ಟಿ ಮಾಡಿದ ಈ ಜೇವರ್ಗಿಯ ಕಚೇರಿಯ ದಾರಿ ತೋರಿಸಿದ್ದರು. ವಾರದಿಂದ ಬಸ್ಸು, ಬೆಂಚು, ಜವಾನನ ಗಂಟುಮುಖ. ಎಲ್ಲರೂ ಕೇಳಿದ್ದು ಒಂದೇ ಮಾತು: ಹುಡುಗಿ ಯಾಕೆ ಬರಲಿಲ್ಲ? ಚಂದಮ್ಮ ಹೇಳಿದ್ದೂ ಒಂದೇ: ಸುದ್ದಿ ಮುಟ್ಟಲಿಲ್ರಿ.

"ಹುಡುಗಿ ಅವ್ವ, ಅಪ್ಪ ಎಲ್ಲಿ?" ಎಂದ ಗನಿ.

"ಕೂಲಿಗೆ ಹೋಗ್ಯಾರ್ರಿ. ನಮ್ಮ ನಸೀಬಿನ್ಯಾಗ ಇಲ್ಲಂತ ಕೈ ಬಿಟ್ಟಾರ. ನಾ ಬಿಟ್ಟಿಲ್ರಿ."

"ಈ ನಂಬರ್ ಯಾರದು ಮತ್ತ?"

"ಬಾಜೂ ಮನಿಯಾಕಿದ್ರಿ. ಅವರ ಮನ್ಯಾಗ ಫೋನಿಲ್ಲ. ನಮ್ಮ ಓಣ್ಯಾಗ ಹಂಗೇ ನೋಡ್ರಿ, ಇದ್ದವರ ನಂಬರ್ ಇಲ್ಲದವರು ಬರಸ್ತಾರ."

"ಅಂದ್ರ ಆಕಿ ಫೋನ್ ಎತ್ತಿ, ಹೂಂ ಅಂದು, ಸುಮ್ಮ ಕುಂತಾಳ." ಗನಿ ಲೊಚಗುಟ್ಟಿದ. "ಮರ್ತಿರಬೇಕು ತಗೋರಿ."

"ಮರ್ತಿಲ್ರಿ. ಬೇಕಂತಲೇ ಹೇಳಿಲ್ಲ."

"ಹಿಡಿದು ಕೇಳಬೇಕಿತ್ತಿಲ್ಲ ಆಕಿಗಿ, ಯಾಕ ಹಿಂಗ ಮಾಡ್ದಿ ಅಂತ?"

"ದಿನಾ ಕೇಳ್ತೇನ್ರಿ," ಎಂದಳು ಚಂದಮ್ಮ. "ಉತ್ತರ ಕೊಡಂಗಿಲ್ಲ."

ಪಟ್ಟಿ ಬಂದ ದಿನ ಸಂಘಮಿತ್ರಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ತನ್ನ ಗಣಿತದ ನೋಟಬುಕ್ಕುಗಳನ್ನೆಲ್ಲ ಜೋಡಿಸಿ ತಂದು, ತನ್ನ ಬದಲು ಸೀಟು ಸಿಕ್ಕ ಗೆಳತಿ ಮಧುಮತಿಯ ಕೈಗಿಟ್ಟು, "ಅಲ್ಲಿ ನಿನಗ ಬೇಕಾಗ್ತಾವ, ಒಯ್ಯಿ" ಅಂದಿತ್ತು ಆ ಕೂಸು. ಹೊಸ್ತಿಲ ಮೇಲೆ ಕುಳಿತು ಅದನ್ನು ಕಂಡ ಚಂದಮ್ಮ ಮರುದಿನವೇ ಆಳಂದದ ಬಸ್ಸು ಹತ್ತಿದ್ದಳು.

"ಇಬ್ಬರನ್ನೂ ತಗೊಳ್ಳಾಕ ಬರಂಗಿಲ್ಲೇನ್ರಿ ಸಾಹೇಬ್ರ? ಬ್ಯಾರೆ ಮಂಚ ಸೈತ ಬ್ಯಾಡ. ಒಂದರಾಗೇ ಮಕ್ಕೋತಾವ."

ಗನಿ ನಕ್ಕ. "ಇದು ಲಗ್ನದ ಪಂಕ್ತಿ ಅಲ್ಲ ಆಯಿ, ಇನ್ನೊಂದು ಎಲಿ ಹಾಕ್ರಿ ಅನ್ನಾಕ. ಸೋಮವಾರ ಮಧುಮತಿ ಹಾಜರಾಗಬೇಕು. ಟ್ರಂಕ್ ಗಿಂಕ್ ತಂದಿರ್ತಾರ ಅವರು."

"ತಂದಾರ್ರಿ. ನೀಲಿದು."

ಗನಿ ತಲೆ ಎತ್ತಿದ.

"ಒಂದೇ ಓಣಿ ಅಲ್ರಿ," ಎಂದಳು.

ಅವನು ಗಡಿಯಾರ ನೋಡಿದ. ಮೂರೂವರೆ. ಮುದುಕಿಯ ಸೀರೆಯ ತುಂಬ ಬಸ್ಸಿನ ಧೂಳು. ಒಳಗೆ ಸಾಹೇಬರ ಬಾಗಿಲು ಮುಚ್ಚಿತ್ತು. ಅವನು ದನಿ ತಗ್ಗಿಸಿದ.

"ಒಂದು ಹಾದಿ ಅದ. ಇದ್ದೂ ಇಲ್ಲದಂಗ. ಆ ಫೋನ್ ಎತ್ತಿದಾಕಿ, ಸುದ್ದಿ ನಾನೇ ಮುಚ್ಚಿಟ್ಟೇನಿ ಅಂತ ಬರ್ಕೊಡಬೇಕು. ಅದೊಂದೇ ಸಾಲಂಗಿಲ್ಲ. ಮಧುಮತಿ ಪಾಲಕರು, ನಮಗ ಸೀಟು ಬ್ಯಾಡ ಅಂತ ಬರ್ಕೊಡಬೇಕು. ಎರಡೂ ಕೈಗಿ ಬಂದ್ರ ಸಂಘಮಿತ್ರಾನ ಮತ್ತ ಸಂದರ್ಶನಕ್ಕ ಕರೀತಾರ."

"ಅದರಾಗ ಆಕಿ ಪಾಸಾಗದಿದ್ರ? ಸೀಟು ಮಧುಮತಿಗೆ ತಿರುಗಿ ಬರ್ತದೇನ್ರಿ?"

"ಇಲ್ಲ. ಬಿಟ್ಟದ್ದು ಬಿಟ್ಟಂಗ. ಇಬ್ಬರಿಗೂ ಇಲ್ಲ."

ಚಂದಮ್ಮ ರಿಜಿಸ್ಟರಿನ ಕೆಂಪು ಸಾಲಿನ ಕೆಳಗೆ ಮತ್ತೆ ಬೆರಳು ಆಡಿಸಿದಳು.

"ಐದರೊಳಗ ಎಲ್ಲಿಂದ ತರ್ತೀರಿ ಇವನ್ನ?" ಗನಿಯ ದನಿಯಲ್ಲಿ ನಿಜವಾದ ಮರುಕವಿತ್ತು. "ಒಬ್ಬಾಕಿ ಬೇಕಂತ ಮುಚ್ಚಿಟ್ಟಾಕಿ, ಈಗ ಒಪ್ಕೋತಾಳೇನು? ಇನ್ನೊಬ್ಬರಿಗೇನು ತಲಿ ಕೆಟ್ಟದೇನು, ಬಾಯಿಗೆ ಬಂದ ತುತ್ತು ಬಿಡಾಕ? ಮನಿಗಿ ಹೋಗ್ರಿ ಆಯಿ. ಬಸ್ಸು ತಪ್ಪತದ."

ಮನೆಗೆ ಹೋಗಿ ಹುಡುಗಿಯ ಮುಖ ಹೇಗೆ ನೋಡುವುದು? ವಾರದಿಂದ ಮೂರು ತಾಲ್ಲೂಕಿನ ಬಸ್ಸುಗಳಲ್ಲಿ ಚಂದಮ್ಮ ಹುಡುಕಿದ್ದು ಅದಕ್ಕೊಂದು ಉತ್ತರವನ್ನೇ. ಸಿಕ್ಕಿರಲಿಲ್ಲ. ಯಾರಾದರೂ ಪುಣ್ಯಾತ್ಮರು ಬೇರೆ ಹಾದಿ ತೋರಿಸಿಯಾರು ಎಂದು ಕಂಡ ಕಂಡ ಬಾಗಿಲಿಗೆಲ್ಲ ಕೈ ಮುಗಿದಿದ್ದಳು. ಇನ್ನು ಬಾಗಿಲುಗಳು ಉಳಿದಿರಲಿಲ್ಲ.

"ಎರಡು ಖಾಲಿ ಹಾಳಿ ಕೊಡ್ರಿ," ಎಂದಳು.

"ಮಾದನಹಿಪ್ಪರಗಾಕ್ಕ ಹೋಗಿ ಬರಿಸ್ಕೊಂಡು ಬರೂದ್ರಾಗ ನಾಳಿ ಮಧ್ಯಾಹ್ನ ಆಗ್ತದ," ಎನ್ನುತ್ತಲೇ ಗನಿ ಹಾಳೆಗಳನ್ನೂ ಒಂದು ಪೆನ್ನನ್ನೂ ಕೊಟ್ಟ.

ಆಕೆ ಹೊರಗೆ ಹೋಗಲಿಲ್ಲ. ಗೋಡೆಗೆ ಒತ್ತಿದ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದಳು. ಮೊದಲ ಹಾಳೆ ಬೇಗ ಮುಗಿಯಿತು. ಎರಡನೆಯದರಲ್ಲಿ ಹುಡುಗಿಯ ಹೆಸರು ಬರೆದು ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು. ಜವಾನ ಕಿಟಕಿ ಹಾಕಲು ಬಂದು, ನೋಡಿ, ಸುಮ್ಮನೆ ಹಿಂದಿರುಗಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಎರಡೂ ಹಾಳೆಗಳು ಮೇಜಿನ ಮೇಲೆ ಬಂದವು. ಗನಿ ಮೊದಲನೆಯದನ್ನು ಓದಿದ. ಮುದುಕಿಯ ಮುಖ ನೋಡಿದ. ಎರಡನೆಯದನ್ನು ಓದಿದ ಮೇಲೆ ಆ ಮುಖ ನೋಡುವುದು ಅವನಿಂದಾಗಲಿಲ್ಲ.

ಒಂದು, ಫೋನೆತ್ತಿ ಸುದ್ದಿ ಮುಚ್ಚಿಟ್ಟ ಬಾಜೂ ಮನೆಯಾಕೆಯದು; ಇನ್ನೊಂದು, ಮಧುಮತಿಯನ್ನು ಸಾಕುತ್ತಿರುವ ಅಜ್ಜಿಯದು; ಎರಡರ ಕೆಳಗೂ ಇದ್ದದ್ದು ಒಂದೇ ಸಹಿ: ಚಂದಮ್ಮ.