ದವಡೆಯ ಅರಳೆ

ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನ ಕೋಟೆಯ ಬಾಗಿಲಿಗೆ ಮೂವತ್ತೆರಡು ಕಾವಲುಗಾರರು. ಮೂಲೆಯವನೊಬ್ಬ ದಿನಾ ಬೆಲ್ಲ ತಿಂದು ತಿಂದು ನಿಂತಲ್ಲೇ ತೂಕಡಿಸುತ್ತಿದ್ದ. ಅವನನ್ನು ತೆಗೆದುಹಾಕಿ ಎಂದಳು ರಾಣಿ. ಹಬ್ಬ ಮುಗಿಯಲಿ, ಇದೋ ವಚನ ಎಂದ ರಾಜ. ಹಬ್ಬದ ಹಿಂದೆ ಹಬ್ಬ ಬಂತು. ಕಳ್ಳರೂ ಬಂದರು. ಖಜಾನೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ನೆಟ್ಟಗೆ ರಾಜ ಮಲಗುವ ಕೋಣೆಗೆ ನಡೆದರು.

ಅಜ್ಜಿ ಹೇಳುತ್ತಿದ್ದ ಈ ಕಥೆ ಹರ್ಷದಾಳಿಗೆ ನೆನಪಾದದ್ದು ಪುಣೆಯ ಆಸ್ಪತ್ರೆಯಲ್ಲಿ, ಡಾಕ್ಟರಮ್ಮ "ಇವರ ಹಲ್ಲು ಹೇಗಿವೆ?" ಎಂದು ಮರಾಠಿಯಲ್ಲಿ ಕೇಳಿದಾಗ. ಮಂಚದ ಮೇಲೆ ಅವಳ ಅಪ್ಪ ಪಂಢರಿನಾಥ. ಮೂರು ವಾರದಿಂದ ಬಿಡದ ಜ್ವರ. ಆ ಬೆಳಿಗ್ಗೆ ಬಂದ ವರದಿಯ ಪ್ರಕಾರ ರಕ್ತದಲ್ಲಿ ಕ್ರಿಮಿಗಳಿದ್ದವು. ಹುಟ್ಟಿನಿಂದಲೇ ತುಸು ಸೊಟ್ಟಗಿದ್ದ ಹೃದಯದ ಕವಾಟವೊಂದರ ಮೇಲೆ ಅವು ಗೂಡು ಕಟ್ಟಿದ್ದವು. ಯಾವ ಬಾಗಿಲಿಂದ ಬಂದವೆಂಬುದು ಮಾತ್ರ ತಿಳಿದಿರಲಿಲ್ಲ.

ಅವ್ವ ಗಂಗೂಬಾಯಿ ಮರಾಠಿಯಲ್ಲೇ ಉತ್ತರ ಕೊಟ್ಟಳು. ಒಂದು ದವಡೆ ಹಲ್ಲು ಕೆಟ್ಟು ಒಸಡಿನಲ್ಲಿ ಕೀವಾಗುತ್ತಿತ್ತು, ಅದನ್ನು ಕೀಳಿಸಿ ಎರಡು ವರ್ಷವಾಯಿತು ಎಂದಳು. ಮಗಳ ಕಡೆ ತಿರುಗಿ, "ಹೌದಲ್ಲ ಹರ್ಷಿ? ಅಪ್ಪನ ಕೂಡ ನೀನ ಹೋಗಿದ್ದಿಯಲ್ಲ?" ಎಂದು ಕೇಳಿದಳು.

ಹರ್ಷದಾ ಅಪ್ಪನನ್ನು ನೋಡಿದಳು. ಅಪ್ಪ ಕಣ್ಣು ಮುಚ್ಚಿಕೊಂಡ.

ಮಾರ್ಕೆಟ್ ಯಾರ್ಡಿನ ಬೆಲ್ಲದ ಸಾಲಿನಲ್ಲಿ ಪಂಢರಿನಾಥನ ನಾಲಿಗೆಯೇ ತಕ್ಕಡಿ. ಬಂದ ಪ್ರತಿ ಮಾಲಿನಿಂದ ಒಂದು ಚೂರು ಮುರಿದು ದವಡೆಗೆ ಒತ್ತಿಟ್ಟು, ಇದು ಸವಳು ನೆಲದ್ದು, ಇದಕ್ಕೆ ಸೋಡಾ ಜಾಸ್ತಿ ಎಂದು ಅವನು ಹೇಳಿದ ಮೇಲೆಯೇ ದರ ಕೂಗುತ್ತಿದ್ದರು. ಎರಡು ವರ್ಷದ ಹಿಂದೆ ಅಂದು ಸ್ವಾರಗೇಟದ ಹಲ್ಲಿನ ದವಾಖಾನೆಯಲ್ಲಿ, ಸೂಜಿ ಚುಚ್ಚಿದರೆ ನಾಲಿಗೆ ಮರಗಟ್ಟುತ್ತದೆ, ತೊಳೆಯುವ ಔಷಧಿಯ ಕಹಿ ನಾಲ್ಕು ದಿನ ಹೋಗುವುದಿಲ್ಲ ಎಂದು ಪಕ್ಕದವರು ಹೇಳಿದ್ದೇ ತಡ, ಅವನು ಬೆಂಚು ಬಿಟ್ಟೆದ್ದಿದ್ದ.

"ಸೀಸನ್ ಅದ ಮಗಾ. ನಾಲಿಗಿ ಸತ್ತರ ನನ್ನ ಯಾರು ಕೇಳ್ತಾರ? ಸಂಕ್ರಾಂತಿ ಆಗಲಿ, ಕೀಳಸ್ತೇನಿ. ಆಣಿ ಮಾಡ್ತೇನಿ ಬೇಕಾದ್ರ."

"ಅವ್ವಗ ಏನ್ ಹೇಳೋದು?"

"ಅದಕ್ಕ ನೀ ಇದ್ದೀಯಲ್ಲ, ಕಥೀ ರಾಣಿ!"

ಆಗ ಹನ್ನೊಂದು ವರ್ಷದ ಹುಡುಗಿಗೆ ಹೆಮ್ಮೆಯಾಗಿತ್ತು. ಔಷಧಿ ಅಂಗಡಿಯಲ್ಲಿ ಅರಳೆ ಕೊಳ್ಳಲು ಹೇಳಿದವಳು ಅವಳೇ. ತಿರುವಿನ ದೇವಿ ಗುಡಿಯಿಂದ ಚಿಟಿಕೆ ಕುಂಕುಮ ತಂದು, ನೀರಿನಲ್ಲಿ ಕಲಸಿ, ಅರಳೆಗೆ ಹಚ್ಚಿ ಅಪ್ಪನ ದವಡೆಗೆ ಇಟ್ಟವಳೂ ಅವಳೇ. ಎರಡು ದಿನ ಗಂಗೂಬಾಯಿ ಅಂಬಲಿ ಕಾಸಿ, ಆರಿಸಿ, ಗಂಡನಿಗೆ ಕುಡಿಸಿದ್ದಳು. ಆಮೇಲೆ ಸಂಕ್ರಾಂತಿ ಬಂತು. ಮತ್ತೊಂದು ಸಂಕ್ರಾಂತಿಯೂ ಬಂತು.

"ಅಪ್ಪನ ಹಲ್ಲು ಕಿತ್ತಿಲ್ಲ ಅವ್ವಾ," ಹರ್ಷದಾ ಕನ್ನಡದಲ್ಲಿ ಹೇಳಿದಳು. "ಅವತ್ತು ಅರಳಿಗೆ ಇದ್ದದ್ದು ರಕ್ತ ಅಲ್ಲ. ಕುಂಕುಮ. ನಾನ ಹಚ್ಚಿದ್ದೆ."

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ಗಂಗೂಬಾಯಿಯ ಕೈ ತಾನಾಗಿ ಹಣೆಗೆ ಹೋಗಿ, ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಮಗಳು ಹೇಳಿದ್ದನ್ನು ಒಂದೂ ಬಿಡದೆ ತಾನೇ ಮರಾಠಿಯಲ್ಲಿ ಹೇಳಿದಳು.

ಡಾಕ್ಟರಮ್ಮ ಬ್ಯಾಟರಿ ಹಿಡಿದು ಒಸಡು ಒತ್ತಿದರು. ಕೀವು ಬಂತು. ಕ್ರಿಮಿಗಳು ಬಹುಶಃ ಇಲ್ಲಿಂದಲೇ ರಕ್ತಕ್ಕೆ ಇಳಿದಿವೆ ಎಂದರು. ಮೊದಲು ಹಲ್ಲು ಹೋಗಬೇಕು, ಆಮೇಲೆ ಎದೆಯ ಆಪರೇಷನ್. ಕವಾಟ ಆಗಲೇ ಹರಿದಿದೆ, ಉಳಿಯುವ ಭರವಸೆ ಅರ್ಧದಷ್ಟು. ಹಲ್ಲನ್ನು ಆಗಲೇ ಕಿತ್ತಿದ್ದರೆ... ಎಂದವರು ಹುಡುಗಿಯ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು.

"ಅಕೀಗೆ ಬೈಬ್ಯಾಡ," ಎಂದ ಪಂಢರಿನಾಥ ಹೆಂಡತಿಗೆ. ಆಮೇಲೆ, "ಈಗ ಸೀಸನ್ನೂ ಇಲ್ಲ ಬಿಡು," ಎಂದು ನಗಲು ನೋಡಿದ.

ನಾಲ್ಕನೆಯ ದಿನ ಹಲ್ಲು ಕಿತ್ತರು. ಪಂಢರಿನಾಥ ವಾರ್ಡಿಗೆ ಮರಳಿದಾಗ ಕೆನ್ನೆ ಉಬ್ಬಿತ್ತು. ಮರಗಟ್ಟಿದ ನಾಲಿಗೆ ಮಾತಿಗೆ ಹೊರಳುತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಅರಳೆ ತೆಗೆಯಿರಿ ಎಂದು ನರ್ಸ್ ಹೇಳಿ ಹೋಗಿದ್ದಳು. ಗಂಗೂಬಾಯಿ ಗೋಡೆಯ ಗಡಿಯಾರ ನೋಡುತ್ತಲೇ ಕುಳಿತಿದ್ದಳು.

"ಬಾಯಿ ತಗೀರಿ."

ಎರಡು ಬೆರಳಿನಿಂದ ಅರಳೆ ಹೊರಗೆಳೆದಳು. ಕಿಟಕಿಯ ಬೆಳಕಿಗೆ ಹಿಡಿದಳು, ಮೂಸಿದಳು. ಆಮೇಲೆ ಬಗ್ಗಿ, ಹಲ್ಲಿದ್ದ ಜಾಗದ ಕುಳಿಯನ್ನು ಬಹಳ ಹೊತ್ತು ನೋಡಿದಳು.

"ಅವತ್ತೂ ಹಿಂಗ ತಗದು ನೋಡಬೇಕಿತ್ತು ನಾನು," ಎಂದಳು.